ಊರು ಸುತ್ತಿದ ಖಣ

ಕಚೇರಿಯಿಂದ ಬಂದ ಪಂಢರೀನಾಥರು ಕೈಕಾಲು ತೊಳೆದುಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರು. ಆ ಹೊತ್ತಿಗೆ ಸರಿಯಾಗಿ ಒಳಗಿನಿಂದ ಚಹಾ ಬರುವುದು ರೂಢಿ. ಅಂದು ಬಂದದ್ದು ಹಿತ್ತಾಳೆ ತಂಬಿಗೆಯ ತುಂಬ ಮಜ್ಜಿಗೆ. ಮೇಲೆ ಇಂಗಿನ ಒಗ್ಗರಣೆ ತೇಲುತ್ತಿತ್ತು.

"ಇದೇನ? ಚಹಾಪುಡಿ ತೀರ್ತೇನು?"

"ತೀರಿಲ್ಲ. ಇನ್ನ ಮುಂಜಾನೆ ಚಹಾ, ಸಂಜೀಗೆ ಮಜ್ಜಿಗಿ. ಈ ತಿಂಗಳು ಹಿಂಗ ನೋಡೋಣಂತ," ಎಂದಳು ಅವರ ಹೆಂಡತಿ ರುಕ್ಮಿಣಿ.

"ಮುಂದಿನ ತಿಂಗಳು ಮಜ್ಜಿಗೀನೂ ಹೋಗಿ ಬರೇ ನೀರು ಬರ್ತದೇನು?"

"ಮುಂದಿನ ತಿಂಗಳ ಮಾತು ಮುಂದಿನ ತಿಂಗಳಿಗೆ."

ಒಳಕೋಣೆಯಿಂದ ಪಂಢರೀನಾಥರ ತಾಯಿ ಜಾನಕಿಬಾಯಿಯವರು ನಕ್ಕರು. "ಕುಡೀಪಾ, ಕುಡಿ. ನಿಮ್ಮಪ್ಪ ಸಾಯೂತನಕ ಚಹಾದ ರುಚಿ ನೋಡಿದಾತ ಅಲ್ಲ."

ಬಾಗಲಕೋಟೆಯ ಕಿಲ್ಲಾದಲ್ಲಿದ್ದ ಆ ಮನೆಯಲ್ಲಿ ಇದ್ದವರು ನಾಲ್ವರು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಪಂಢರೀನಾಥರಿಗೆ ತಿಂಗಳಿಗೆ ತೊಂಬತ್ತೈದು ರೂಪಾಯಿ ಪಗಾರ. ಮಗ ಪ್ರಾಣೇಶನಿಗೆ ಒಂಬತ್ತು ವರ್ಷ. ವಿಧವೆಯಾದ ಜಾನಕಿಬಾಯಿಯವರಿಗೆ ಅರವತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದು, ಈಗ ಅವರಿಗೆ ಕಾಣುತ್ತಿದ್ದದ್ದು ಬೆಳಕು ಮತ್ತು ನೆರಳು, ಅಷ್ಟೇ. ಹಿಂದಿನ ವಾರ ಊರಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಮುಂದಿನ ವರ್ಷದ ಬೇಸಿಗೆ ಬರುವುದರೊಳಗೆ ಮಿರಜದ ದವಾಖಾನೆಗೆ ಒಯ್ದು ಮೋತಿಬಿಂದು ತೆಗೆಸಬೇಕು, ತಡವಾದರೆ ಇರುವ ಬೆಳಕೂ ಉಳಿಯುವುದಿಲ್ಲ ಎಂದಿದ್ದರು. ರೈಲು, ಹದಿನೈದು ದಿನದ ವಸತಿ, ಔಷಧ, ಕನ್ನಡಕ ಎಲ್ಲ ಸೇರಿ ತೊಂಬತ್ತು ರೂಪಾಯಿ.

"ಇಷ್ಟು ವರ್ಷ ನೋಡಿದ್ದು ಸಾಕು. ನನ್ನ ಕಣ್ಣಿಗೆ ಯಾರೂ ಒಂದು ದುಡ್ಡು ಹಾಕಬಾರದು," ಎಂದು ಜಾನಕಿಬಾಯಿಯವರು ಅಲ್ಲಿಗೇ ಮಾತು ಮುಗಿಸಿದ್ದರು. ಪಂಢರೀನಾಥರು ಸಾಲ ತರುವ ಯೋಚನೆಯಲ್ಲಿದ್ದರು. ರುಕ್ಮಿಣಿ ಮಾತ್ರ ಗಂಡನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದ್ದಳು: "ಸಾಲ ಬ್ಯಾಡ. ನನಗ ಒಂದು ವರ್ಷ ಕೊಡ್ರಿ. ಅತ್ತಿಯವರಿಗೆ ಈಗ ಏನೂ ಹೇಳಬ್ಯಾಡ್ರಿ."

ರುಕ್ಮಿಣಿ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಾಲ್ಕು ಜನರೆದುರು ತಲೆ ಎತ್ತಿ ಮಾತಾಡುವವಳಲ್ಲ. ಆದರೆ ಮನೆಯ ವಿಷಯದಲ್ಲಿ ಅವಳಿಗೊಂದು ತಿಳಿವಳಿಕೆಯಿತ್ತು. ಎಲ್ಲ ಖರ್ಚನ್ನೂ ಒಂದೇ ಸಲ ಕತ್ತರಿಸಿದರೆ ಮನೆಯವರ ಮುಖ ಬಾಡುತ್ತದೆ, ಎಂಟು ದಿನದಲ್ಲಿ ಎಲ್ಲವೂ ಮೊದಲಿನಂತೆ ಆಗುತ್ತದೆ. ತಿಂಗಳಿಗೆ ಒಂದೇ ಒಂದು ವಸ್ತುವಿಗೆ ಕೈ ಹಾಕಬೇಕು. ಅದು ರೂಢಿಯಾದ ಮೇಲೆಯೇ ಇನ್ನೊಂದು. ಸಂಜೆಯ ಚಹಾದಲ್ಲಿ ಉಳಿದ ಎರಡು ರೂಪಾಯಿಯನ್ನು ಅವಳು ಬರಿದಾಗಿದ್ದ ಉಪ್ಪಿನಕಾಯಿ ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದಳು.

ಮರುತಿಂಗಳು ಎರಡು ಕಂದೀಲಿನಲ್ಲಿ ಒಂದು ಗೂಟಕ್ಕೆ ಹೋಯಿತು. ಪ್ರಾಣೇಶ ಹಗಲು ಇರುವಾಗಲೇ ಕಟ್ಟೆಯ ಮೇಲೆ ಕೂತು ಓದು ಮುಗಿಸಬೇಕಾಯಿತು. ಆಮೇಲೆ ಕಟ್ಟಿಗೆ ಕೊಯ್ಯುವ ಅಡ್ಡೆಯಿಂದ ಮರದ ಹೊಟ್ಟು ತರಿಸಿ, ಡಬ್ಬಿಯಲ್ಲಿ ಗಟ್ಟಿಯಾಗಿ ತುಂಬಿ ಒಲೆ ಹೂಡುವುದನ್ನು ಕಲಿತಳು. ಮೊದಲ ನಾಲ್ಕು ದಿನ ಮನೆಯೆಲ್ಲ ಹೊಗೆಯಾಯಿತು. ಐದನೆಯ ದಿನ ಅದೇ ಒಲೆಯ ಮೇಲೆ ಬೇಳೆ ಹದವಾಗಿ ಬೆಂದಿತು. ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದವು. ಆಣೆಗೆ ಆರು ಪೈಸೆಯೋ ಏಳೋ ಎಂದು ಪೇಟೆಯ ತುಂಬ ಜಗಳ. ನಾಲ್ಕಾಣೆಗೆ ಮಾತ್ರ ಸರಿಯಾಗಿ ಇಪ್ಪತ್ತೈದು ಎಂಬುದನ್ನು ರುಕ್ಮಿಣಿ ಗಮನಿಸಿದಳು. ಅಂದಿನಿಂದ ಜೀರಿಗೆಯಿರಲಿ, ಬೆಲ್ಲವಿರಲಿ, ಎರಡು ದಿನ ತಡೆದಾದರೂ ನಾಲ್ಕಾಣೆಯದೇ ಕೊಳ್ಳುವಳು. ಅಂಗಡಿಯವನ ಗಲ್ಲಾದಲ್ಲಿ ಅವಳದೊಂದು ಪೈಸೆಯೂ ಉಳಿಯುತ್ತಿರಲಿಲ್ಲ.

"ನಮ್ಮ ಖಜಾನಿ ಸಾಹೇಬರಿಗೆ ಹೇಳಿ ನಿನಗೊಂದು ನೌಕರಿ ಕೊಡಸ್ತೇನಿ," ಎಂದು ಪಂಢರೀನಾಥರು ನಗುತ್ತಿದ್ದರು. ಆದರೆ ಜೂನ್ ತಿಂಗಳಲ್ಲಿ, ಯಾರೂ ಕೇಳದೆಯೇ, ಎಲೆ ಅಡಿಕೆಯ ಚಂಚಿಯನ್ನು ತಾವಾಗಿ ಗೂಟಕ್ಕೆ ತೂಗಿಹಾಕಿದರು. ರುಕ್ಮಿಣಿ ಅದನ್ನು ನೋಡಿದಳು. ಅಂದು ರಾತ್ರಿ ಅವರ ತಟ್ಟೆಗೆ ಒಂದು ಮಿಳ್ಳೆ ತುಪ್ಪ ಹೆಚ್ಚು ಬಿತ್ತು.

ಭರಣಿ ತುಂಬುತ್ತ ಬಂದಂತೆ ಅದಕ್ಕೆ ಯಾರದೋ ಕಣ್ಣು ಬಿದ್ದಂತೆ ಕಷ್ಟಗಳೂ ಬಂದವು. ಮೊದಲ ಮಳೆಗೆ ಮಾಳಿಗೆ ಸೋರಿ ದೇವರ ಕೋಣೆಯ ಗೋಡೆ ನೆನೆಯಿತು. ಎರಡು ಬಂಡಿ ಮಣ್ಣು, ಆಳಿನ ಕೂಲಿ ಎಂದು ಹದಿನಾಲ್ಕು ರೂಪಾಯಿ ಹೋಯಿತು. ಶ್ರಾವಣದಲ್ಲಿ ಪ್ರಾಣೇಶ ಬೇವಿನ ಮರದಿಂದ ಬಿದ್ದು ಕೈ ಮುರಿದುಕೊಂಡ. ದವಾಖಾನೆಯಲ್ಲಿ ಮತ್ತೆ ಹದಿನೇಳು.

ಆ ದಿನ ಪಂಢರೀನಾಥರು ತಲೆಯ ಮೇಲೆ ಕೈಹೊತ್ತು ಕುಳಿತರು. "ಕೂಡಿಟ್ಟಿದ್ದೆಲ್ಲ ಸೋರೇ ಹೋತಲ್ಲ."

"ಸೋರಿಲ್ಲ. ಕೂಡಿಟ್ಟಿದ್ವಿ ಅಂತ ಇವತ್ತ ಸಾಲಕ್ಕ ಯಾರ ಮನಿ ಕಟ್ಟಿ ಹತ್ತಲಿಲ್ಲ," ಎಂದಳು ರುಕ್ಮಿಣಿ. ಮಗನ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲೆ ಇಟ್ಟು, ಭರಣಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದಳು. ಅದರಲ್ಲಿ ಮೂವತ್ತೇಳು ರೂಪಾಯಿ ಇತ್ತು. ಬೇಸಿಗೆಗೆ ಉಳಿದದ್ದು ಆರೇ ತಿಂಗಳು.

ಇಷ್ಟು ದಿನ ಅವಳು ಒಂದು ಖರ್ಚನ್ನು ಮಾತ್ರ ಮುಟ್ಟಿರಲಿಲ್ಲ. ಅದು ಖಣದ ಖರ್ಚು.

ಆ ಊರಿನಲ್ಲಿ ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ಅಡಿಕೆಯ ಜೊತೆಗೆ ಕುಪ್ಪಸಕ್ಕೆಂದು ಒಂದು ಗುಳೇದಗುಡ್ಡದ ಖಣ ಇಡಲೇಬೇಕು. ಇವರು ಅವರ ಮನೆಗೆ ಹೋದರೆ ಅವರೂ ಕೊಡಬೇಕು. ಹೀಗೆ ಕೊಟ್ಟದ್ದನ್ನು ಹೊಲಿಸಿ ತೊಟ್ಟವರು ಮಾತ್ರ ಅಪರೂಪ. ಜಾನಕಿಬಾಯಿಯವರ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಎಡಕ್ಕೆ ಕೊಡುವುದಕ್ಕೆಂದು ಕೊಂಡ ಖಣಗಳು, ಬಲಕ್ಕೆ ಬೇರೆಯವರಿಂದ ಬಂದವು. ಬಂದವು ಮೂವತ್ತರ ಮೇಲಿದ್ದವು. ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಆ ಮನೆಯ ಪದ್ಧತಿಯಲ್ಲ.

ಮುತ್ತೈದೆಯರ ನಡುವೆ ವಿಧವೆ ಬರುವಂತಿರಲಿಲ್ಲ. ಜಾನಕಿಬಾಯಿಯವರು ಒಳಕೋಣೆಯ ಬಾಗಿಲ ಮರೆಯಲ್ಲಿ ಪೆಟ್ಟಿಗೆಯ ಮಗ್ಗುಲಿಗೆ ಕೂತು, ಒಂದೊಂದೇ ಖಣವನ್ನು ಬೆರಳಿನಿಂದ ಸವರಿ, ಅಂಚು ಮುಟ್ಟಿ ನೋಡಿ, ಆರಿಸಿ ತಾಟಿನಲ್ಲಿ ಇಡುವರು. ಸೊಸೆ ಅದನ್ನು ಹೊರಗೆ ಒಯ್ಯುವಳು. "ಜಾನಕಿಬಾಯಾರ ಮನಿ ಖಣ ಅಂದ್ರ ಖಣ," ಎಂದು ಹೊರಗೆ ಯಾರಾದರೂ ಅಂದರೆ ಕತ್ತಲೆಯಲ್ಲಿ ಅವರ ಮುಖ ಅರಳುವುದನ್ನು ರುಕ್ಮಿಣಿ ಎಷ್ಟೋ ಸಲ ನೋಡಿದ್ದಳು. ಆದ್ದರಿಂದಲೇ ಅದನ್ನು ಮುಟ್ಟಲು ಅವಳಿಗೆ ಮನಸ್ಸಾಗಿರಲಿಲ್ಲ.

ನವರಾತ್ರಿ ಬಂತು. ಜಾನಕಿಬಾಯಿಯವರು ಹನ್ನೆರಡು ರೂಪಾಯಿ ಸೊಸೆಯ ಕೈಗಿಟ್ಟು, "ಸುಭಾನಸಾಬ ಬಂದ್ರ ಛಲೋ ನೋಡಿ ಹನ್ನೆರಡು ಖಣ ತಗೋ," ಎಂದರು.

ಸುಭಾನಸಾಬ ಗುಳೇದಗುಡ್ಡದಿಂದ ಗಂಟು ಹೊತ್ತು ಮನೆಮನೆಗೆ ಖಣ ಮಾರುವವನು. ಅವನು ಬಂದಾಗ ರುಕ್ಮಿಣಿ ಕದದ ಹಿಂದೆ ನಿಂತಳು. ಅವನು ಎರಡು ಸಲ ಕೂಗಿ ಮುಂದೆ ಹೋದ.

"ತಂದೀಯೇನ?" ಎಂದು ಸಂಜೆ ಅತ್ತೆ ಕೇಳಿದರು.

"ಹೂಂ," ಎಂದಳು ರುಕ್ಮಿಣಿ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಹನ್ನೆರಡು ರೂಪಾಯಿ ಭರಣಿಗೆ ಹೋಯಿತು. ಪೆಟ್ಟಿಗೆಯ ಬಲಗಡೆಯ ಹನ್ನೆರಡು ಖಣ ಎಡಕ್ಕೆ ಬಂದವು.

ಯಾರ ಖಣ ಯಾರಿಗೆ ಹೋಗಬಾರದು ಎಂಬುದನ್ನು ಅವಳು ಮೊದಲೇ ಮನಸ್ಸಿನಲ್ಲಿ ಹೊಂದಿಸಿಟ್ಟಿದ್ದಳು. ಆದರೆ ಶುಕ್ರವಾರ ಹನ್ನೊಂದು ಹೆಂಗಸರು ಒಟ್ಟಿಗೇ ಬಂದರು. ಒಬ್ಬರು ಎದ್ದು ಇನ್ನೊಬ್ಬರ ಜಾಗದಲ್ಲಿ ಕೂತರು, ಅವಳು ಹೊಂದಿಸಿದ ಸಾಲು ತಪ್ಪಿತು. ವಕೀಲರ ಹೆಂಡತಿ ಕುಮುದಿನೀಬಾಯಿಯವರು ಉಡಿಗೆ ಬಿದ್ದ ಖಣವನ್ನು ಎತ್ತಿ ಮೂಲೆಯನ್ನು ಬೆರಳಲ್ಲಿ ತಿರುವಿದರು. ಅವರ ಸಂಸಾರ ಊರಿಗೆ ಬಂದು ಒಂದೇ ವರ್ಷವಾಗಿತ್ತು. ನಾಲಗೆ ಚುರುಕು.

"ಅಯ್ಯ, ನೋಡ್ರಿ! ಈ ಮೂಲ್ಯಾಗಿನ ಗಂಟು ನಾ ಮರೀತೇನೇನು? ಶ್ರಾವಣದಾಗ ನಾ ಕೊಟ್ಟ ಖಣ ಇದು. ಎರಡು ತಿಂಗಳು ನಿಮ್ಮ ಮನ್ಯಾಗ ಆರಾಮಾಗಿ ಉಂಡುಟ್ಟು, ಹೊಳ್ಳಿ ತವರಿಗೆ ಹೊಂಟದಲ್ಲ ರುಕ್ಮಿಣೀಬಾಯಿ!"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕುಮುದಿನೀಬಾಯಿಯವರು ಖಣವನ್ನು ತಾಟಿನ ಅಂಚಿಗೆ ಇಟ್ಟು ಎದ್ದರು. "ಇಟಗೊಳ್ರಿ, ಮತ್ತೊಬ್ಬರಿಗೆ ಬರ್ತದ."

ರುಕ್ಮಿಣಿ ಕುಂಕುಮದ ಬಟ್ಟಲು ಕೆಳಗಿಟ್ಟು, ಆ ಖಣವನ್ನು ತಾಟಿನ ಸಮೇತ ಒಳಗೆ ಒಯ್ದಳು.

ಅಂದು ಜಾನಕಿಬಾಯಿಯವರು ಊಟಕ್ಕೆ ಏಳಲಿಲ್ಲ. ಸೊಸೆ ಹತ್ತಿರ ಹೋಗಿ ಕುಳಿತಾಗ ಮಾತಾಡಿದರು.

"ನನ್ನ ಕೈಗೆ ಆ ಗಂಟು ಹತ್ತಿತ್ತು. ಏನೋ ಅಂತ ಬಿಟ್ಟೆ. ನೀ ಸುಳ್ಳು ಹೇಳ್ತಿ ಅಂತ ನನಗ ಹೆಂಗ ಗೊತ್ತಾಗಬೇಕು? ಈ ಮನ್ಯಾಗ ನನಗ ಉಳದದ್ದರ ಏನು ರುಕ್ಮಿಣಿ? ಕುಂಕುಮಿಲ್ಲ, ಹೂವಿಲ್ಲ, ನಾಲ್ಕು ಮಂದ್ಯಾಗ ಕೂಡೋಹಂಗಿಲ್ಲ. ಬಂದಾಕಿಗೆ ಒಂದು ಛಲೋ ಖಣ ಆರಿಸಿ ಕೊಡೂದು, ಅದೊಂದ ಉಳದಿತ್ತು. ಅದನ್ನೂ ನಗಿಪಾಟ್ಲ ಮಾಡಿದಿ," ಎಂದರು.

ರುಕ್ಮಿಣಿ ತಲೆ ತಗ್ಗಿಸಿದಳು. "ನಂದು ತಪ್ಪಾಗ್ಯದ."

ಬಾಗಿಲಲ್ಲಿ ನಿಂತಿದ್ದ ಪಂಢರೀನಾಥರಿಗೆ ತಡೆಯಲಾಗಲಿಲ್ಲ. "ಅವ್ವಾ, ಆಕಿ ಹೇಳಬ್ಯಾಡಂದಿದ್ಲು, ಆದ್ರೂ ಹೇಳ್ತೇನಿ. ಜನೇವಾರಿಯಿಂದ ತಿಂಗಳಿಗೊಂದು ಖರ್ಚು ಕಡಿಮಿ ಮಾಡಿ ರೊಕ್ಕ ಕೂಡಸ್ಲಿಕ್ಕತ್ತಾಳ. ಮಾಳಿಗಿಗೆ ಹೋತು, ಪ್ರಾಣೇಶನ ಕೈಗೆ ಹೋತು, ಮತ್ತ ಕೂಡಸ್ಲಿಕ್ಕತ್ತಾಳ. ಎಲ್ಲಾ ನಿನ್ನ ಕಣ್ಣಿಗೆ."

"ನಾ ಬ್ಯಾಡ ಅಂದಿದ್ದೆ."

"ನೀವು ಬ್ಯಾಡ ಅಂದ್ರಿ," ಎಂದಳು ರುಕ್ಮಿಣಿ, ತಲೆ ತಗ್ಗಿಸಿಯೇ. "ಆದ್ರ ಆ ಬೆಳಕೂ ಹೋದ ಮ್ಯಾಲೆ ಹೆಂಗ ಅಂತ ನನಗ ಭಯ ಅತ್ತಿಯವರ. ನಿಮ್ಮನ್ನ ಒಬ್ಬರು ಕೈಹಿಡಿದು ಹಿತ್ತಲಕ್ಕ ಒಯ್ಯೂದು ನಿಮಗ ಸೇರೂದಿಲ್ಲ. ನನಗ ಗೊತ್ತದ."

ಜಾನಕಿಬಾಯಿಯವರು ಗೋಡೆಯ ಕಡೆ ಹೊರಳಿದರು. ಎರಡು ದಿನ ಅವರಿಂದ ಹೂಂ, ಉಹೂಂ ಬಿಟ್ಟು ಮಾತಿಲ್ಲ.

ಮೂರನೆಯ ದಿನ ಬೀದಿಯಲ್ಲಿ ಸುಭಾನಸಾಬನ ಕೂಗು ಕೇಳಿತು. "ಆತನ್ನ ಕರಿ," ಎಂದರು ಜಾನಕಿಬಾಯಿಯವರು. ಪೆಟ್ಟಿಗೆಯನ್ನು ಪಡಸಾಲೆಗೆ ಎಳೆಸಿದರು.

ಸುಭಾನಸಾಬ ಕಟ್ಟೆಯ ಮೇಲೆ ಗಂಟು ಇಳಿಸಿ ಬೆವರು ಒರೆಸಿಕೊಂಡ. "ಏನ್ರಿ ಬಾಯಾರ, ನವರಾತ್ರಿಗೆ ಎರಡು ಸಲ ಕೂಗಿದ್ರೂ ಬಾಗಲಾ ತಗೀಲಿಲ್ಲ. ನನ್ನ ಮ್ಯಾಲೆ ಸಿಟ್ಟೇನ್ರಿ?"

"ಸಿಟ್ಟಿನ ಮಾತು ಆಮ್ಯಾಲೆ. ಇದನ್ನ ನೋಡು. ನಿನ್ನ ಮಾಲು ಏನು?" ಎಂದು ಅವರು ಆ ಖಣವನ್ನು ಮುಂದೆ ಚಾಚಿದರು.

ಸುಭಾನಸಾಬ ಮೂಲೆಯ ಗಂಟನ್ನು ನೋಡಿದ. ಆಮೇಲೆ ಖಣವನ್ನು ಮೊಣಕಾಲ ಮೇಲೆ ಹರಡಿ ಅಂಗೈಯಿಂದ ಸವರಿದ. "ಇದು ನನ್ನ ಹೇಂತಿ ಗುಲಾಬಬಿ ಹಾಕೂ ಗಂಟ್ರಿ. ಮಗ್ಗದಿಂದ ಹಾಸು ಇಳಿಸಿದ ಮ್ಯಾಲೆ ಕಡೀ ಖಣಕ್ಕ ಹಿಂಗ ಗಂಟು ಹಾಕ್ತಿದ್ಲು. ಎದಿಬ್ಯಾನಿ ಬಂದು ಆಕಿ ಮಗ್ಗಾ ಬಿಟ್ಟು ಮೂರು ವರ್ಷ ಆತು. ಇದು ಆಕಿ ನೇಯ್ದ ಕಡೀ ಹಾಸಿಂದು. ನನ್ನ ಕೈಯಾರ ಸ್ಟೇಶನ್ ಮಾಸ್ತರ ಮನಿಗೆ ಕೊಟ್ಟಿದ್ದೆ. ಅವರು ಗದಗಕ್ಕ ವರ್ಗ ಆಗಿ ಹೋಗಿ ಎರಡು ವರ್ಷ ಆತು. ನಿಮ್ಮ ಮನಿಗೆ ಹೆಂಗ ಬಂತ್ರಿ?"

ರುಕ್ಮಿಣಿ ತಟ್ಟನೆ ತಲೆ ಎತ್ತಿದಳು. ಕುಮುದಿನೀಬಾಯಿ ಊರಿಗೆ ಬಂದದ್ದೇ ಹೋದ ವರ್ಷ. ಅಂದರೆ ಅವರು ಕೊಂಡ ಖಣವಲ್ಲ ಇದು. ಅವರಿಗೂ ಯಾರೋ ಕೊಟ್ಟದ್ದು, ಅವರೂ ದಾಟಿಸಿದ್ದು.

ಜಾನಕಿಬಾಯಿಯವರಿಗೂ ಅದು ತಿಳಿಯಿತು. ಎರಡು ದಿನದ ಮೇಲೆ ಮೊದಲ ಸಲ ಅವರು ನಕ್ಕರು, ಗಂಟಲಿನೊಳಗೇ. "ಊರು ಸುತ್ತಿ ಬಂದದ ಹಂಗಾದ್ರ."

"ನಿಮ್ಮ ಮುಂದ ಹೇಳ್ತೇನ್ರಿ ಬಾಯಾರ," ಎಂದ ಸುಭಾನಸಾಬ. "ಈ ಊರಾಗ ವರ್ಷಕ್ಕ ಎಷ್ಟೋ ಖಣ ಮಾರ್ತೇನಿ. ಮೈಮ್ಯಾಲೆ ನೋಡಿದ್ದು ಕಡಿಮಿ. ನನಗೇನ್ರಿ, ವ್ಯಾಪಾರ ಆಗ್ತೈತಿ. ಆದ್ರ ಗುಲಾಬಬಿ ಕೇಳ್ತಿರ್ತಾಳ, 'ನಾ ನೇಯ್ದದ್ದು ಯಾರರ ತೊಟ್ಟಿದ್ದು ಕಂಡ್ರೇನು?' ಅಂತ. ಹೌದು, ಕಂಡೆ ಅಂತೇನಿ. ಸುಳ್ಳ."

ಜಾನಕಿಬಾಯಿಯವರು ಕೈಚಾಚಿ ಆ ಖಣವನ್ನು ತಿರುಗಿ ತೆಗೆದುಕೊಂಡರು. ಅದರ ಮೇಲೆ ಬೆರಳಾಡಿಸಿದರು. ಈ ಬೆರಳುಗಳು ಇಷ್ಟು ವರ್ಷ ಎಷ್ಟೋ ಖಣ ಆರಿಸಿ ಕೊಟ್ಟಿದ್ದವು. ಅವೆಲ್ಲ ಹೀಗೆಯೇ ಯಾರದೋ ಪೆಟ್ಟಿಗೆಯಿಂದ ಯಾರದೋ ಪೆಟ್ಟಿಗೆಗೆ ತಿರುಗುತ್ತಿದ್ದವೇ?

"ಸುಭಾನಸಾಬ, ಈ ಪೆಟಗ್ಯಾಗ ಹುಳ ಬೀಳಲಾರದ್ದು ಎಷ್ಟವ ನೋಡು. ಅರ್ಧ ದುಡ್ಡಿಗೆ ಹೊಳ್ಳಿ ತಗೊಂಡು ಒಯ್ಯಿ. ಮೈಮ್ಯಾಲೆ ಹಾಕ್ಕೊಳ್ಳೋರಿಗೆ ಮಾರು. ರುಕ್ಮಿಣಿ, ನಿನಗ ಬೇಕಾದ ನಾಲ್ಕು ಎತ್ತಿಟ್ಟುಕೋ. ಹೊಲಕೋ."

"ಅತ್ತಿಯವರ, ಕುಮುದಿನೀಬಾಯಾರದೂ ಕೊಂಡದ್ದಲ್ಲ ಅಂತ ಆ ಹೆಂಗಸರಿಗೆ ಒಂದು ಮಾತು..." ಎಂದು ರುಕ್ಮಿಣಿ ತಡೆತಡೆದು ಕೇಳಿದಳು. ಅವಳ ಕಿವಿಯಲ್ಲಿ ಆ ನಗು ಇನ್ನೂ ಇತ್ತು.

"ಹೇಳಿದ್ರ ನಿನಗ ಒಂದಿನ ಹಗುರಾದೀತು. ಆಕಿ ಈ ಓಣ್ಯಾಗ ಮುಂದ ಬಾಳೇ ಮಾಡಬೇಕು. ಬ್ಯಾಡ."

ರುಕ್ಮಿಣಿ ಆ ಮಾತನ್ನು ನುಂಗಿಕೊಂಡಳು. ಗುಲಾಬಬಿಯ ಖಣವನ್ನು ತಾನೇ ಇಟ್ಟುಕೊಂಡಳು.

ತುಳಸಿ ಲಗ್ನದ ದಿನ ಹೆಂಗಸರು ಬಂದರು. ಕುಮುದಿನೀಬಾಯಿ ಬಂದಿರಲಿಲ್ಲ. ತಾಟಿನಲ್ಲಿ ಅಕ್ಕಿ, ಅಡಿಕೆ, ಒಂದು ತುಂಡು ಬೆಲ್ಲ ಮಾತ್ರ ಇದ್ದವು. ರುಕ್ಮಿಣಿ ಹೊಸ್ತಿಲಲ್ಲೇ ನಿಂತಳು. ಆಗ ಬಾಗಿಲ ಮರೆಯಿಂದ, ಎಂದೂ ಹೊರಗೆ ಕೇಳದ ಜಾನಕಿಬಾಯಿಯವರ ಧ್ವನಿ ಪಡಸಾಲೆಯ ತುಂಬ ಕೇಳಿಸಿತು.

"ತಾಯಂದ್ರ, ಇನ್ನ ಈ ಮನ್ಯಾಗ ಉಡಿ ಅಂದ್ರ ಇಷ್ಟ. ಇದು ನನ್ನ ಮಾತು, ಸೊಸೀದಲ್ಲ. ನೀವೂ ನಮ್ಮಾಕಿಗೆ ಇಷ್ಟ ಹಾಕ್ರಿ."

ಮುದುಕಿ ಶಾರವ್ವ, "ಪುಣ್ಯಾ ಬರ್ಲಿ ತಂಗಿ ನಿನಗ. ನಮ್ಮ ಸೊಸಿ ನವರಾತ್ರಿ ಬಂತಂದ್ರ ಖಣದ ಚಿಂತ್ಯಾಗ ಸಣ್ಣಾಗ್ತಾಳ," ಎಂದು ಉಡಿಯೊಡ್ಡಿ ಎದುರಿಗೆ ಕೂತಳು. ಅವಳ ಹಿಂದೆ ಉಳಿದವರೂ ಕೂತರು.

ಸಂಕ್ರಾಂತಿಯ ಹೊತ್ತಿಗೆ ಓಣಿಯ ಐದಾರು ಮನೆಗಳಲ್ಲಿ ಖಣ ನಿಂತಿತು. ಎಲ್ಲ ಮನೆಗಳಲ್ಲೂ ಅಲ್ಲ. "ಜಿಪುಣರ ಓಣಿ" ಎಂದು ಪೇಟೆಯ ಕಡೆಯವರು ಆಡಿಕೊಂಡರು. ರುಕ್ಮಿಣಿ ಮಾತ್ರ ಆ ಮಾತಿಗೆ ಕಿವಿಗೊಡದೆ ಭರಣಿಯನ್ನು ಚಾಪೆಯ ಮೇಲೆ ಸುರಿದಳು. ಪಂಢರೀನಾಥರು ಎರಡು ಸಲ ಎಣಿಸಿದರು. ತೊಂಬತ್ತನಾಲ್ಕು ರೂಪಾಯಿ.

"ನಾಲ್ಕು ಹೆಚ್ಚದ," ಎಂದರು ಅವರು.

"ಅದು ಇರ್ಲಿ. ದಾರ್ಯಾಗ ಏನು ಬರ್ತದೋ ಏನೋ," ಎಂದಳು ಅವಳು.

ಮಿರಜದಿಂದ ಬಂದ ನಾಲ್ಕನೆಯ ದಿನ ಜಾನಕಿಬಾಯಿಯವರು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಪಡಸಾಲೆಯ ಬೆಳಕಿನಲ್ಲಿ ಅಕ್ಕಿ ಆರಿಸುತ್ತಿದ್ದರು. ಕಲ್ಲು ಸಿಕ್ಕಾಗಲೆಲ್ಲ ಮಗುವಿನಂತೆ ಎತ್ತಿ ತೋರಿಸುವರು. ನೋಡಲು ಬಂದವರಲ್ಲಿ ಕೊನೆಗೆ ಕುಮುದಿನೀಬಾಯಿಯೂ ಬಂದರು. ಬಾಗಿಲಲ್ಲಿ ನಿಂತವರ ಕಣ್ಣು ರುಕ್ಮಿಣಿಯ ಕುಪ್ಪಸದ ಮೇಲೆ ಹೋಯಿತು. ತೋಳಿನ ಅಂಚಿನಲ್ಲಿ, ಬಿಚ್ಚದೆ ಹಾಗೆಯೇ ಉಳಿಸಿ ಹೊಲಿದ ಆ ಸಣ್ಣ ಗಂಟು ಕಾಣುತ್ತಿತ್ತು.

"ನಿನ್ನೆ ಸುಭಾನಸಾಬ ಬಂದಿದ್ದ," ಎಂದರು ಜಾನಕಿಬಾಯಿಯವರು, ಅಕ್ಕಿಯಿಂದ ಕಣ್ಣೆತ್ತದೆ. "ಇದನ್ನ ನೋಡಿ ಹೋದ. ಮನಿಗೆ ಹೋಗಿ ಗುಲಾಬಬಿ ಮುಂದ ಇವತ್ತರ ಖರೆ ಹೇಳ್ತೇನಿ ಅಂದ. ಕೂಡ್ರು ಕುಮುದಿನಿ."

ಕುಮುದಿನೀಬಾಯಿಯವರು ಕೂರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಕಾಕೂ, ಒಂದು ಮಾತು ಹೇಳಬೇಕು. ಆ ಖಣ ನಾ ಕೊಂಡದ್ದಲ್ಲ. ನನಗೂ ಯಾರೋ ಕೊಟ್ಟಿದ್ದು. ನಾನೂ ಹಂಗ... ಅಂದು ಅಷ್ಟು ಮಂದ್ಯಾಗ ಅಂದುಬಿಟ್ಟೆ. ಆಮ್ಯಾಲೆ ಈ ಮನಿ ಕಟ್ಟಿ ಹತ್ತಲಿಕ್ಕೆ ಕಾಲು ಬರಲಿಲ್ಲ."

"ಗೊತ್ತಿತ್ತು," ಎಂದರು ಜಾನಕಿಬಾಯಿಯವರು.

"ಗೊತ್ತಿತ್ತು? ಯಾವಾಗಿಂದ?"

"ಮೂರನೇ ದಿನಾ."

ಕುಮುದಿನೀಬಾಯಿ ರುಕ್ಮಿಣಿಯ ಮುಖ ನೋಡಿದರು. ನಾಲ್ಕು ತಿಂಗಳು ಓಣಿಯಲ್ಲಿ ಯಾರ ಬಾಯಲ್ಲೂ ಆ ಮಾತು ಬಂದಿರಲಿಲ್ಲ. ರುಕ್ಮಿಣಿ ಎಂದಿನಂತೆ ನೆಲ ನೋಡುತ್ತ ಮಣೆ ಹಾಕಿದಳು, ಅಕ್ಕಿಯ ತಾಟು ತಂದಳು. ಕುಮುದಿನೀಬಾಯಿ ಕೂತು ಉಡಿಯೊಡ್ಡಿದರು.

ಜಾನಕಿಬಾಯಿಯವರು ಕನ್ನಡಕ ಸರಿಪಡಿಸಿಕೊಂಡು, ಬಾಗಿದ ಸೊಸೆಯ ತೋಳನ್ನು ಹಿಡಿದು ಬೆಳಕಿಗೆ ತಿರುಗಿಸಿದರು.

"ನೇಯ್ಗಿ ಗೊತ್ತಿತ್ತು, ಗಂಟು ಗೊತ್ತಿತ್ತು, ಯಾರ ಮನಿಯಿಂದ ಎಲ್ಲೆಲ್ಲಿ ತಿರಗ್ಯದ ಅದೂ ಗೊತ್ತಿತ್ತು," ಎಂದರು. "ಬಣ್ಣ ಮಾತ್ರ ಗೊತ್ತಿರಲಿಲ್ಲ. ನಾ ಇಷ್ಟು ದಿನಾ ಹಸಿರ ಅಂತ ತಿಳಕೊಂಡಿದ್ದೆ. ನೀಲಿ ಅದ ನೋಡ."